ಮೇಣದಲ್ಲೇ ಮುಗಿದ ಮೂರ್ತಿ

ಹನಗೋಡು ಕಂಚಿಗೆ ಹೆಸರಾದ ಊರಲ್ಲ. ಹನಗೋಡು ಎಂದರೆ ಲಕ್ಷ್ಮಣತೀರ್ಥದ ಅಣೆಕಟ್ಟೆ, ಹೊಗೆಸೊಪ್ಪಿನ ಬ್ಯಾರನ್ನು, ಅದರಾಚೆ ನಾಗರಹೊಳೆಯ ಕಾಡು, ಕಾಡಂಚಿನ ಹಾಡಿಗಳು. ವಿಗ್ರಹ ಬೇಕಾದವರು ಇಲ್ಲಿಂದ ಮೈಸೂರಿಗೋ ನಾಗಮಂಗಲಕ್ಕೋ ಹೋಗುತ್ತಾರೆ. ಕೈಯಲ್ಲಿ ದುಡ್ಡಿರುವ ದೇವಸ್ಥಾನದ ಕಮಿಟಿಯವರು ಕುಂಭಕೋಣದ ಪಕ್ಕದ ಸ್ವಾಮಿಮಲೈವರೆಗೂ ಹೋಗಿ ಬರುತ್ತಾರೆ. ಆದರೂ ಕಂಚಿನ ವಿಗ್ರಹದ ಕತೆಯನ್ನು ಹನಗೋಡಿನಿಂದಲೇ ಶುರು ಮಾಡುವುದು ನನಗೆ ಸರಿ ಅನ್ನಿಸುತ್ತದೆ. ವಿಗ್ರಹ ಕೈಯಲ್ಲಿ ರೂಪ ಪಡೆಯುವುದು ಲೋಹದಲ್ಲಿ ಅಲ್ಲ, ಮೇಣದಲ್ಲಿ. ಆ ಮೇಣ ನಮ್ಮ ಕಾಡಿನ ವಸ್ತು.

ಹೆಜ್ಜೇನು ಎತ್ತರದ ಮರದ ಕೊಂಬೆಗೆ, ಬಂಡೆಯ ಅಡಿಗೆ ಒಂದೇ ಹಲ್ಲೆ ಕಟ್ಟಿ ಇಳಿಬಿಡುತ್ತದೆ. ಜೇನುಕುರುಬರು ಅದನ್ನು ಇಳಿಸಿ ತುಪ್ಪ ಹಿಂಡಿದ ಮೇಲೆ ಉಳಿಯುವ ಹಲ್ಲೆಯನ್ನು ನೀರಿಗೆ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಆರಲು ಬಿಟ್ಟರೆ ಮೇಣ ಮೇಲೆ ಕೆನೆಗಟ್ಟಿ ಗಟ್ಟಿಯಾಗುತ್ತದೆ. ಹುಳು ತನ್ನ ಹೊಟ್ಟೆಯ ಅಡಿಯ ಗ್ರಂಥಿಗಳಿಂದ ಸ್ರವಿಸುವ ವಸ್ತು ಇದು. ಒಂದು ಕಿಲೋ ಮೇಣ ಆಗಬೇಕಾದರೆ ಹುಳುಗಳು ಆರೆಂಟು ಕಿಲೋ ತುಪ್ಪ ತಿಂದಿರುತ್ತವೆ ಎಂಬುದು ಜೇನು ಸಾಕುವವರ ಲೆಕ್ಕ. ಈ ಸೀಮೆಯಲ್ಲಿ ಮೇಣಕ್ಕೆ ಒಂದು ಕಾಲದಲ್ಲಿ ಎಷ್ಟು ಬೆಲೆಯಿತ್ತು ಅನ್ನುವುದಕ್ಕೆ, 1936ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದ ಕೊಡಗಿನ ಜೇನು ಸಹಕಾರ ಸಂಘದ ಹೆಸರಿನಲ್ಲೇ ಜೇನಿನ ಜೊತೆ ಮೇಣವೂ ಸೇರಿಕೊಂಡಿರುವುದನ್ನು ನೋಡಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಜೇನು, ಮೇಣ ಎರಡನ್ನೂ ಹೆಸರಿಸಿದ್ದಾರೆ. (ಸಸ್ಯಮೂಲದ ಉತ್ಪನ್ನ ಅನ್ನುವ ತಲೆಬರಹದ ಕೆಳಗೆ! ಕಾನೂನು ಬರೆದವರು ಹುಳುವನ್ನು ಮರೆತರು ಅನ್ನಿಸುತ್ತದೆ.)

ಈ ಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ನಮ್ಮ ಕಡೆಯ ಬ್ಯಾರನ್ನಿನಲ್ಲಿ ಹೊಗೆಸೊಪ್ಪಿನ ದಂಟು ಒಣಗಿಸಲು ಕೊನೆಗೆ ಎಬ್ಬಿಸುವ ಬಿಸಿ 70 ಡಿಗ್ರಿ ದಾಟುತ್ತದೆ. ಮೇಣದ ಮೂರ್ತಿಯನ್ನು ಅಲ್ಲಿ ಮರೆತು ಬಂದರೆ ಬೆಳಗ್ಗೆ ನೆಲದ ಮೇಲೆ ಬರೀ ಕಲೆ ಉಳಿದಿರುತ್ತದೆ. ಇಷ್ಟು ಬೇಗ ಕರಗುವ ವಸ್ತು ಸಾವಿರ ಡಿಗ್ರಿ ಬಿಸಿಯ ಕಂಚಿಗೆ ರೂಪ ಕೊಡುತ್ತದೆ. ಶಿಲ್ಪಿಗೆ ಬೇಕಾದ್ದೂ ಈ ಮೆತ್ತನೆಯ ಗುಣವೇ. ಬರೀ ಜೇನುಮೇಣ ಬೇಸಿಗೆಯಲ್ಲಿ ಕೈಗೆ ಅಂಟುತ್ತದೆ, ಚಳಿಗೆ ಬಿರುಕು ಬಿಡುತ್ತದೆ. ಅದಕ್ಕೆ ರಾಳದ ಪುಡಿ, ಒಂದಿಷ್ಟು ಎಣ್ಣೆ ಸೇರಿಸಿ ಕಾಯಿಸಿ ಹದ ಮಾಡಿಕೊಳ್ಳುತ್ತಾರೆ. ಬಿಸಿಲು ಹೆಚ್ಚಿದರೆ ರಾಳ ಹೆಚ್ಚು, ಚಳಿಗಾಲದಲ್ಲಿ ಎಣ್ಣೆ ಹೆಚ್ಚು. ಈಗ ಪ್ಯಾರಾಫಿನ್ನೂ ಸೇರುತ್ತದೆ, ಅಗ್ಗ ಅಂತ.

ಕೆಲಸ ಹೀಗೆ ಸಾಗುತ್ತದೆ. ಸ್ವಾಮಿಮಲೈಯ ಸ್ಥಪತಿಗಳು ಮೊದಲು ತೆಂಗಿನ ಗರಿಯ ಒಂದು ಎಳೆಯನ್ನು ಮೂರ್ತಿಯ ಎತ್ತರಕ್ಕೆ ಸರಿಯಾಗಿ ಕತ್ತರಿಸಿಕೊಳ್ಳುತ್ತಾರೆ. ಅದನ್ನು ಮಡಿಸಿ ಮಡಿಸಿ ಗುರುತು ಮಾಡಿದರೆ ಮುಖ ಎಷ್ಟು, ಎದೆಯಿಂದ ಹೊಕ್ಕುಳಿಗೆ ಎಷ್ಟು, ತೊಡೆ ಎಷ್ಟು ಎಂಬ ತಾಳದ ಅಳತೆಗಳು ಅದರಲ್ಲೇ ಸಿಗುತ್ತವೆ. ಸ್ಕೇಲು, ಟೇಪು ಯಾವುದೂ ಬೇಡ. ಆಮೇಲೆ ಮೇಣವನ್ನು ಕೈಯಲ್ಲಿ ಮಿದ್ದು ತಲೆ, ಮುಂಡ, ಕೈಕಾಲು ಬೇರೆ ಬೇರೆ ಮಾಡುತ್ತಾರೆ. ಮಾಡಿದ ತುಂಡನ್ನು ತಣ್ಣೀರಿನಲ್ಲಿಟ್ಟರೆ ಬಿಗಿಯುತ್ತದೆ. ಬಿಸಿ ಮಾಡಿದ ಕಬ್ಬಿಣದ ಕಡ್ಡಿಯನ್ನು ಎರಡು ತುಂಡುಗಳ ನಡುವೆ ತಾಗಿಸಿ ಒತ್ತಿದರೆ ಭುಜಕ್ಕೆ ತೋಳು ಕೂತಿತು. ಯಜ್ಞೋಪವೀತಕ್ಕೆ ಮೇಣವನ್ನು ದಾರದಂತೆ ಹೊಸೆದು ಎದೆಯ ಮೇಲೆ ಹಾಯಿಸುತ್ತಾರೆ. ಉತ್ಸವಮೂರ್ತಿಯಾದರೆ ಪೀಠದ ಪಕ್ಕದ ಬಳೆಗಳು, ಅಡ್ಡೆ ತೂರಿಸುವ ಕಂಡಿಗಳು ಎಲ್ಲವೂ ಮೇಣದಲ್ಲೇ ಆಗಬೇಕು. ಲೋಹ ಬಿದ್ದ ಮೇಲೆ ಸೇರಿಸುತ್ತೇನೆ ಅಂದರೆ ಆಗದು.

ಇಷ್ಟಾದ ಮೇಲೆ ಮೂರ್ತಿಗೆ ಮೇಣದ ನಾಳಗಳನ್ನು ಅಂಟಿಸುತ್ತಾರೆ. ಲೋಹ ಒಳಗಿಳಿಯಲು ದಾರಿ ಬೇಕು, ಒಳಗಿದ್ದ ಗಾಳಿ ಹೊರಬೀಳಲೂ ದಾರಿ ಬೇಕು. ಎರಡನೆಯದನ್ನು ಮರೆತರೆ ಗಾಳಿ ಬೆರಳ ತುದಿಯಲ್ಲಿ ಸಿಕ್ಕಿಕೊಂಡು, ದೇವರು ಮೊಂಡುಗೈಯಾಗಿ ಹೊರಬರುತ್ತಾನೆ.

ಇದನ್ನೆಲ್ಲ ಬರೆದಿಟ್ಟ ಕನ್ನಡ ನಾಡಿನ ರಾಜನೊಬ್ಬ ಇದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ, ಭೂಲೋಕಮಲ್ಲ ಅಂತ ಬಿರುದು. 1126ರಿಂದ 1138ರವರೆಗೆ ಈಗಿನ ಬಸವಕಲ್ಯಾಣದಲ್ಲಿ ಕೂತು ಆಳಿದವನು. ಆನೆ ಹಿಡಿಯುವುದರಿಂದ ಅಡುಗೆವರೆಗೆ ಎಲ್ಲವನ್ನೂ ನೂರು ಅಧ್ಯಾಯಗಳಲ್ಲಿ ಸಂಸ್ಕೃತದಲ್ಲಿ ಬರೆಸಿದ ಅವನ ‘ಮಾನಸೋಲ್ಲಾಸ’ದಲ್ಲಿ ಮೇಣದಿಂದ ವಿಗ್ರಹ ಎರಕ ಹೊಯ್ಯುವ ವಿವರ ಇದೆ. ಅದನ್ನೇ ‘ಅಭಿಲಷಿತಾರ್ಥ ಚಿಂತಾಮಣಿ’ ಅಂತಲೂ ಕರೆಯುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಹುಡುಕಿ ಕೊಟ್ಟ ನಮ್ಮ ಆರ್. ಶಾಮಶಾಸ್ತ್ರಿಗಳೇ ಇದರ ಮೊದಲ ಭಾಗವನ್ನು 1926ರಲ್ಲಿ ಮೈಸೂರಿನಲ್ಲಿ ಅಚ್ಚು ಹಾಕಿಸಿದರು. ಬಾದಾಮಿಯಿಂದ ಹಂಪಿವರೆಗೆ ನಮ್ಮ ಶಿಲ್ಪಕಲೆಯ ಮಾತೆಲ್ಲ ಕಲ್ಲಿನ ಸುತ್ತಲೇ ಸುತ್ತುವುದರಿಂದ, ಲೋಹದ ಮೇಲೆ ಇಷ್ಟು ಕರಾರುವಾಕ್ಕಾಗಿ ಬರೆದವನು ನಮ್ಮವನೇ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಸೋಮೇಶ್ವರ ಮಣ್ಣಿನ ವಿಷಯಕ್ಕೆ ಕೊಟ್ಟಿರುವ ಗಮನ ನೋಡಿ. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಒಂದಿಷ್ಟು ಉಪ್ಪು, ಇವನ್ನು ಮಣ್ಣಿನ ಜೊತೆ ನುಣುಪು ಕಲ್ಲಿನ ಮೇಲೆ ಅರೆಯಬೇಕು. ಮೊದಲ ಲೇಪ ತೆಳ್ಳಗಿರಬೇಕು, ನೆರಳಿನಲ್ಲಿ ಒಣಗಬೇಕು. ಎರಡು ದಿನ ಬಿಟ್ಟು ಎರಡನೇ ಲೇಪ. ಅದು ಒಣಗಿದ ಮೇಲೆ ಮೂರನೆಯದು ದಪ್ಪಗೆ. ಪ್ರತಿಯೊಂದಕ್ಕೂ ಕಾರಣವಿದೆ. ಮೊದಲ ಲೇಪವೇ ಮೇಣದ ಮೈಯನ್ನು ಮುಟ್ಟುವುದು. ಅದು ನುಣುಪಾದಷ್ಟೂ ಕಣ್ಣಿನ ರೆಪ್ಪೆ, ಉಗುರಿನ ಅಂಚು, ಕಡೆಗೆ ಶಿಲ್ಪಿಯ ಬೆರಳಚ್ಚು ಕೂಡ ಅದರಲ್ಲಿ ಮೂಡುತ್ತದೆ. ಬಿಸಿಲಿಗಿಟ್ಟರೆ ಮೇಣ ಮೆತ್ತಗಾಗಿ ಸೊಂಟ ಬಾಗುತ್ತದೆ, ಅದಕ್ಕೇ ನೆರಳು. ಹೊಟ್ಟು, ಹತ್ತಿ ಸುಟ್ಟು ಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿದು, ಲೋಹ ನುಗ್ಗಿದಾಗ ಬಿಸಿಗಾಳಿ ಅವುಗಳ ಮೂಲಕ ಹೊರಟುಹೋಗುತ್ತದೆ. ಹೊರಗಿನ ದಪ್ಪ ಲೇಪ ಭಾರ ತಡೆಯುವುದಕ್ಕೆ. ಈಗ ಅದರ ಮೇಲೆ ಕಬ್ಬಿಣದ ತಂತಿಯನ್ನೂ ಬಿಗಿಯುತ್ತಾರೆ. ಸ್ವಾಮಿಮಲೈಯವರು ಮೊದಲ ಲೇಪಕ್ಕೆ ಕಾವೇರಿಯ ಮೆಕ್ಕಲು ಮಣ್ಣೇ ಆಗಬೇಕು ಅನ್ನುತ್ತಾರೆ. ಲಕ್ಷ್ಮಣತೀರ್ಥವೂ ಹೋಗಿ ಸೇರುವುದು ಅದೇ ಕಾವೇರಿಗೆ. ಅಷ್ಟಕ್ಕೇ ನಮ್ಮ ಮಣ್ಣಿಗೂ ಪಾಲಿದೆ ಅಂತ ಹೇಳಿಕೊಂಡರೆ ಅದು ಊರಿನ ಅಭಿಮಾನವೇ ಹೊರತು ಶಾಸ್ತ್ರವಲ್ಲ. ಕನ್ನಂಬಾಡಿ, ಮೆಟ್ಟೂರು ಎರಡು ಕಟ್ಟೆಗಳು ನಡುವೆ ಇವೆ.

ಲೇಪ ಹಾಕುವ ಮೊದಲು ಮೇಣದ ಮೂರ್ತಿಯನ್ನು ತೂಗಬೇಕು. ಗ್ರಂಥದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ ಇದು. ತಾಮ್ರ, ಹಿತ್ತಾಳೆಯಾದರೆ ಮೇಣದ ಹತ್ತು ಪಟ್ಟು ತೂಕದ ಲೋಹ, ಬೆಳ್ಳಿಯಾದರೆ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಎಂಬ ಲೆಕ್ಕ ಕೊಟ್ಟಿದ್ದಾನೆ. ಎರಡು ಕಿಲೋ ಮೇಣದ ಮೂರ್ತಿಗೆ ಇಪ್ಪತ್ತು ಕಿಲೋ ತಾಮ್ರ ಅನ್ನಿ. ಇವತ್ತಿನ ಸಾಂದ್ರತೆಯ ಕೋಷ್ಟಕ ಹಿಡಿದು ನೋಡಿದರೆ ಮೇಣಕ್ಕಿಂತ ತಾಮ್ರ ಸುಮಾರು 9.3 ಪಟ್ಟು ಭಾರ, ಬೆಳ್ಳಿ ಸುಮಾರು 11 ಪಟ್ಟು. ನಾಳದಲ್ಲಿ ನಿಲ್ಲುವುದು, ಚೆಲ್ಲುವುದು ಎಲ್ಲ ಸೇರಿಸಿಕೊಂಡರೆ ಹತ್ತು, ಹನ್ನೆರಡು ಸರಿಯಾದ ಲೆಕ್ಕ. ಚಿನ್ನದಲ್ಲಿ ಮಾತ್ರ ತಕರಾರಿದೆ. ಅಪರಂಜಿಯಾದರೆ 20 ಪಟ್ಟು ಬೇಕು, ಹದಿನಾರಕ್ಕೆ ಮೂರ್ತಿ ತುಂಬುವುದಿಲ್ಲ. ಈಗಿನ 18 ಕ್ಯಾರೆಟ್ಟಿನಷ್ಟು ಬೆರಕೆ ಇದ್ದರೆ ಹದಿನಾರು ಸರಿಹೋಗುತ್ತದೆ. ಅರಮನೆಯ ಅಕ್ಕಸಾಲಿಗರು ರಾಜನಿಗೆ ಇದೇ ಲೆಕ್ಕ ಒಪ್ಪಿಸುತ್ತಿದ್ದರೋ ಏನೋ!

ಮಣ್ಣು ಪೂರ್ತಿ ಒಣಗಿದ ಮೇಲೆ ಅಚ್ಚನ್ನು ಬಾಯಿ ಕೆಳಗಾಗಿ ಬೆರಣಿ ಬೆಂಕಿಯ ಮೇಲೆ ಇಡುತ್ತಾರೆ. ಮೇಣ ಕರಗಿ ತೊಟ್ಟಿಕ್ಕುತ್ತದೆ. ಜಾಣ ಕಂಚುಗಾರ ಅದನ್ನು ನೀರಿನ ಪಾತ್ರೆಗೆ ಇಳಿಸಿಕೊಂಡು ಮುಂದಿನ ಮೂರ್ತಿಗೆ ಬಳಸುತ್ತಾನೆ. ಉಳಿದ ಪಸೆ ಉರಿದು ಹೋಗುತ್ತದೆ. ಈಗ ಮಣ್ಣಿನೊಳಗೆ ಮೂರ್ತಿಯ ಆಕಾರದ ಟೊಳ್ಳು ಮಾತ್ರ ಇದೆ. ಅಚ್ಚನ್ನು ಇನ್ನೂ ಬಿಸಿಯಾಗಿರುವಾಗಲೇ ಗುಂಡಿಯಲ್ಲಿ ನಿಲ್ಲಿಸಿ, ಬಾಯಿ ಮಾತ್ರ ಕಾಣುವಂತೆ ಸುತ್ತ ಮಣ್ಣು ಗಿಡಿಯುತ್ತಾರೆ. ಅಚ್ಚು ತಣ್ಣಗಿದ್ದರೆ ಲೋಹ ಅರ್ಧ ದಾರಿಯಲ್ಲೇ ಹೆಪ್ಪುಗಟ್ಟುತ್ತದೆ. ಅಚ್ಚಿನಲ್ಲಿ ಹಸಿ ಉಳಿದಿದ್ದರೆ ಅದಕ್ಕಿಂತ ಅಪಾಯ: ನೀರು ಒಂದೇ ಏಟಿಗೆ ಆವಿಯಾಗಿ ಅಚ್ಚು ಸಿಡಿದು, ಕರಗಿದ ಲೋಹ ಮೇಲಕ್ಕೆ ಚಿಮ್ಮುತ್ತದೆ. ಸುರಿಯುವಾಗ ಕಂಚುಗಾರರು ಯಾರನ್ನೂ ಹತ್ತಿರ ಬಿಡದಿರುವುದಕ್ಕೆ ಮಡಿ ಒಂದು ಕಾರಣವಾದರೆ ಇದು ಇನ್ನೊಂದು.

ಲೋಹ ಕರಗುವುದು ಮೂಸೆಯಲ್ಲಿ. ಸೋಮೇಶ್ವರ ಹೇಳುವ ಮೂಸೆ ತೆಂಗಿನಕಾಯಿ ಆಕಾರದ್ದು. ಶುದ್ಧ ತಾಮ್ರ ಕರಗಲು 1085 ಡಿಗ್ರಿ ಬೇಕು. ಅದಕ್ಕೆ ನೂರಕ್ಕೆ ಹತ್ತರಷ್ಟು ತವರ ಬೆರೆಸಿದರೆ ಸಾವಿರದ ಆಸುಪಾಸಿನಲ್ಲೇ ನೀರಾಗುತ್ತದೆ, ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ. ತವರದ ಈ ಉಪಕಾರಕ್ಕೆ ಒಂದು ಪ್ರಸಿದ್ಧ ಸಾಕ್ಷಿ ಇಟಲಿಯಲ್ಲಿದೆ. ಫ್ಲಾರೆನ್ಸಿನ ಶಿಲ್ಪಿ ಬೆನ್ವೆನುಟೊ ಚೆಲ್ಲಿನಿ ಹದಿನಾರನೇ ಶತಮಾನದಲ್ಲಿ ಪರ್ಸಿಯಸನ ಪ್ರತಿಮೆ ಹೊಯ್ಯುವಾಗ ಕುಲುಮೆಯಲ್ಲಿ ಲೋಹ ಗಟ್ಟಿಕಟ್ಟತೊಡಗಿತು. ಮನೆಯಲ್ಲಿದ್ದ ತವರದ ತಟ್ಟೆ ಬಟ್ಟಲುಗಳನ್ನೆಲ್ಲ ತರಿಸಿ ಒಂದೊಂದಾಗಿ ಕುಲುಮೆಗೆ ಎಸೆದೆ, ಲೋಹ ಮತ್ತೆ ಹರಿಯಿತು ಅಂತ ಆತ್ಮಕತೆಯಲ್ಲಿ ಅವನೇ ಕೊಚ್ಚಿಕೊಂಡಿದ್ದಾನೆ. ಕೊಚ್ಚಿಕೊಳ್ಳುವುದರಲ್ಲಿ ಅವನೇನೂ ಕಮ್ಮಿಯಲ್ಲ. ಲೋಹದ ಗುಣ ಬಲ್ಲವರಿಗೆ ಆ ಮಾತು ಮಾತ್ರ ನಂಬುವಂತಿದೆ.

ತವರ ಒಳ್ಳೆಯದು ಅಂತ ಹೆಚ್ಚು ಸುರಿದರೂ ಕೆಟ್ಟಿತು. ನೂರಕ್ಕೆ ಇಪ್ಪತ್ತೆರಡರ ಹತ್ತಿರ ಹೋದರೆ ಅದು ಗಂಟೆಯ ಕಂಚು: ನಾದ ಚೆಂದ, ಆದರೆ ಗಾಜಿನ ಜಾತಿ, ಬಿದ್ದರೆ ಒಡೆಯುತ್ತದೆ, ಉಳಿ ಹಿಡಿಯುವುದಿಲ್ಲ. ವಿಗ್ರಹಕ್ಕೆ ಆಗದು. ಇನ್ನು ನಮ್ಮ ಜನ ಕೇಳುವುದು ಪಂಚಲೋಹ. ಸ್ವಾಮಿಮಲೈಯ ಪಂಚಲೋಹದಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲೆ ತಾಮ್ರ, ಉಳಿದದ್ದರಲ್ಲಿ ಬಹುಪಾಲು ಹಿತ್ತಾಳೆ, ಒಂದಿಷ್ಟು ಸೀಸ. ಬೆಳ್ಳಿ ಬಂಗಾರ ಹರಕೆಯ ಮಟ್ಟಿಗೆ. ವಿಗ್ರಹ ಮಾಡಿಸುವ ಮನೆಯವರು ಒಂದು ಉಂಗುರವನ್ನೋ ಮೂಗುಬೊಟ್ಟನ್ನೋ ಮೂಸೆಗೆ ಹಾಕಿ ಕೈಮುಗಿಯುತ್ತಾರೆ. ಹಳ್ಳಿ ದೇವಸ್ಥಾನದ ಬೀಗ ಒಡೆದು ಪಂಚಲೋಹದ ದೇವರನ್ನು ಕದಿಯುವವರು ಅದರಲ್ಲಿ ಚಿನ್ನ ಅಡಗಿದೆ ಅಂದುಕೊಂಡಿದ್ದರೆ, ಕರಗಿಸಿದಾಗ ಸಿಗುವುದು ಗುಜರಿ ಬೆಲೆಯ ತಾಮ್ರ.

ಸುರಿಯುವ ಗಳಿಗೆಯಲ್ಲಿ ಇರುವ ನಿಯಮ ಒಂದೇ. ಧಾರೆ ಕಡಿಯಬಾರದು. ನಡುವೆ ನಿಂತು ಮತ್ತೆ ಸುರಿದರೆ ಮೊದಲು ಬಿದ್ದದ್ದರ ಮೇಲೆ ಪೊರೆ ಕಟ್ಟಿ, ಅದೇ ಜಾಗದಲ್ಲಿ ಮೂರ್ತಿ ಮುಂದೊಂದು ದಿನ ಬಿರಿಯುತ್ತದೆ. ಗಾಳಿಯ ನಾಳದ ಬಾಯಲ್ಲಿ ಲೋಹ ಕಾಣಿಸಿಕೊಂಡರೆ ಒಳಗೆ ತುಂಬಿತು ಅಂತ ಅರ್ಥ. ಆರಿದ ಮೇಲೆ ಮಣ್ಣು ಒಡೆಯುವುದು, ನಾಳ ಕತ್ತರಿಸುವುದು, ಅರ ಹಾಕುವುದು. ಅಚ್ಚು ಒಂದೇ ಸಲಕ್ಕೆ. ಕೆಟ್ಟರೆ ಮತ್ತೆ ಮೇಣದಿಂದಲೇ ಶುರು. ಪುಟ್ಟ ಮೂರ್ತಿಗಳು, ನಮ್ಮ ದಕ್ಷಿಣದ ಉತ್ಸವಮೂರ್ತಿಗಳು ಒಳಗೆಲ್ಲ ಗಟ್ಟಿ. ದೊಡ್ಡವಕ್ಕೆ ಒಳಗೆ ಮಣ್ಣಿನ ತಿರುಳಿಟ್ಟು, ಅದರ ಮೇಲೆ ಮೇಣದ ಹೊದಿಕೆ ಮಾಡಿ, ತಿರುಳು ಅಲುಗದಂತೆ ಲೋಹದ ಮೊಳೆ ಚುಚ್ಚಿ ಪೊಳ್ಳಾಗಿ ಹೊಯ್ಯುತ್ತಾರೆ. ಹಾಗೆ ಮಾಡದಿದ್ದರೆ ದಪ್ಪ ಭಾಗ ಆರುವಾಗ ಕುಗ್ಗಿ ಗುಳಿಬೀಳುತ್ತದೆ, ಲೋಹವೂ ದಂಡ.

ಮೇಣದಲ್ಲಿ ಎಷ್ಟು ಕೆಲಸ ಸಾಧ್ಯ ಅನ್ನುವುದಕ್ಕೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿರುವ ಶ್ರವಣಬೆಳಗೊಳದ ಕಂಚಿನ ಬಾಹುಬಲಿಯನ್ನು ನೋಡಬೇಕು. ಎತ್ತರ ಸುಮಾರು ಅರ್ಧ ಮೀಟರ್. ವಿಂಧ್ಯಗಿರಿಯ ಮೇಲೆ 981ರಲ್ಲಿ ನಿಂತ ಗೊಮ್ಮಟನಿಗಿಂತ ಹಳೆಯದು ಎಂದು ವಿದ್ವಾಂಸರ ಅಂದಾಜು. ಕಾಲಿಗೆ, ತೋಳಿಗೆ ಸುತ್ತಿದ ಬಳ್ಳಿಯಿದೆಯಲ್ಲ, ಕಲ್ಲಿನಲ್ಲಾದರೆ ಶಿಲ್ಪಿ ಬಳ್ಳಿಯನ್ನು ಉಳಿಸಿಕೊಂಡು ಸುತ್ತಲಿನ ಕಲ್ಲನ್ನು ಕೆತ್ತಿ ತೆಗೆಯಬೇಕು. ನಮ್ಮ ಹುಣಸೂರು ತಾಲ್ಲೂಕಿನದೇ ಗೊಮ್ಮಟಗಿರಿಯಲ್ಲಿ ಮೂರ್ತಿಯ ಕೆಳಗೆ ನಿಂತು ನೋಡಿದವರಿಗೆ ಆ ಕಷ್ಟ ಗೊತ್ತಾಗುತ್ತದೆ. ಮೇಣದಲ್ಲಿ ಹಾಗಲ್ಲ. ಬಳ್ಳಿಯನ್ನು ಹೊಸೆದು, ಕಾಲಿಗೆ ಸುತ್ತಿ, ಎಲೆಯನ್ನು ಬೆರಳಲ್ಲಿ ಚಿವುಟಿ ಅಂಟಿಸಬಹುದು. ಕಲ್ಲಿನ ಕೆಲಸ ಕಳೆಯುತ್ತ ಹೋಗುವುದು, ಮೇಣದ್ದು ಕೂಡಿಸುತ್ತ ಹೋಗುವುದು. ಆ ಕಂಚಿನ ಬಳ್ಳಿ ಮೈಗೆ ಮೃದುವಾಗಿ ಒರಗಿದಂತೆ ಕಾಣುವುದಕ್ಕೆ ಇದೇ ಕಾರಣ. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ಇನ್ನೊಂದು. ಮೂರು ಮುಖ, ಆರು ಕೈ. ಆಳುಪ ರಾಜ ಕುಂದವರ್ಮ 968ರಲ್ಲಿ ಸ್ಥಾಪಿಸಿದ್ದು ಅಂತ ಪೀಠದ ಶಾಸನವೇ ಹೇಳುತ್ತದೆ. ಸೋಮೇಶ್ವರ ಪುಸ್ತಕ ಬರೆಯುವುದಕ್ಕೆ ಒಂದೂವರೆ ಶತಮಾನ ಮೊದಲೇ ಕರಾವಳಿಯ ಕೈಗಳಿಗೆ ಈ ವಿದ್ಯೆ ಪೂರ್ತಿ ಒಲಿದಿತ್ತು. ಕಸುಬು ಮೊದಲು, ಶಾಸ್ತ್ರ ಆಮೇಲೆ. ಹಾಗೆ ನೋಡಿದರೆ ಮೊಹೆಂಜೊದಾರೊದ ನರ್ತಕಿ ನಾಲ್ಕೂವರೆ ಸಾವಿರ ವರ್ಷದ ಹಿಂದಿನವಳು, ಹತ್ತೂವರೆ ಸೆಂಟಿಮೀಟರ್ ಎತ್ತರ, ಅವಳೂ ಮೇಣದಿಂದಲೇ ಹುಟ್ಟಿದವಳು.

ಈಗಿನ ದೊಡ್ಡ ಕಂಚುಗಳದು ಬೇರೆ ದಾರಿ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಅನಾವರಣವಾದ, ರಾಮ ಸುತಾರ್ ರೂಪಿಸಿದ 108 ಅಡಿಯ ಕೆಂಪೇಗೌಡರ ಪ್ರತಿಮೆಯಲ್ಲಿ 98 ಟನ್ ಕಂಚು, 120 ಟನ್ ಉಕ್ಕು ಇದೆ. ಅದು ತುಂಡು ತುಂಡಾಗಿ ಎರಕ ಹೊಯ್ದು ಜೋಡಿಸಿದ್ದು. ದೆಹಲಿಯ ಭಾರತ ಮಂಟಪದ ಎದುರು 2023ರಲ್ಲಿ ನಿಂತ 27 ಅಡಿಯ, 18 ಟನ್ ತೂಕದ ನಟರಾಜ ಮಾತ್ರ ಸ್ವಾಮಿಮಲೈಯ ಸ್ಥಪತಿಗಳು ಮೇಣದ ಕ್ರಮದಲ್ಲೇ ಮಾಡಿದ್ದು. ಇನ್ನೊಂದು ಕಡೆ ಇದೇ ವಿದ್ಯೆ ಕಾರ್ಖಾನೆ ಸೇರಿ, ವಿಮಾನದ ಜೆಟ್ ಎಂಜಿನ್ನಿನ ಟರ್ಬೈನ್ ಅಲಗು, ಮಂಡಿಗೆ ಕೂರಿಸುವ ಲೋಹದ ಕೀಲು, ಹಲ್ಲಿನ ಕ್ಯಾಪು, ಆಭರಣದಂಗಡಿಯ ಉಂಗುರ ಎಲ್ಲವೂ ಮೇಣದ ಅಚ್ಚಿನಿಂದಲೇ ಬರುತ್ತಿವೆ. ಅಲ್ಲಿ ಮೇಣವನ್ನು ಲೋಹದ ಇಲ್ಲವೇ ರಬ್ಬರಿನ ಅಚ್ಚಿಗೆ ಒತ್ತಿ ನೂರಾರು ಪ್ರತಿ ತೆಗೆಯುತ್ತಾರೆ, ಮಣ್ಣಿನ ಬದಲು ಸೆರಾಮಿಕ್ ಇಲ್ಲವೇ ಪ್ಲಾಸ್ಟರ್. ಒಂದು ಮಾದರಿಗೆ ಒಂದೇ ಮೂರ್ತಿ ಅನ್ನುವ ಕಟ್ಟು ಅಲ್ಲಿಗೆ ಮುರಿಯಿತು. ಪೇಟೆಯ ಅಗ್ಗದ ವಿಗ್ರಹಗಳೂ ಹಾಗೇ ಬರುತ್ತವೆ, ಇಲ್ಲವೇ ಮರಳಿನ ಅಚ್ಚಿನಲ್ಲಿ.

ಹಳೆಯ ಮೂರ್ತಿಗೂ ಹೊಸದಕ್ಕೂ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಹಳಬರು ಸರದ ಮಣಿ, ಕಿರೀಟದ ಹೂ, ಸೀರೆಯ ನೆರಿಗೆ ಎಲ್ಲವನ್ನೂ ಮೇಣದಲ್ಲೇ ಮುಗಿಸುತ್ತಿದ್ದರು. ಮಣ್ಣು ಒಡೆದ ಮೇಲೆ ಉಳಿಗೆ ಕೆಲಸ ಕಡಿಮೆ. ಈಗ ಮೇಣದಲ್ಲಿ ಒಟ್ಟು ಆಕಾರ ಮಾಡಿಕೊಂಡು, ಸೂಕ್ಷ್ಮವನ್ನೆಲ್ಲ ಲೋಹದ ಮೇಲೆ ಉಳಿಯಿಂದ ಕೊರೆಯುತ್ತಾರೆ. ಅದರಲ್ಲೂ ಶ್ರಮ ಕಡಿಮೆಯೇನಲ್ಲ, ದಿನಗಟ್ಟಲೆ ಕೂರಬೇಕು, ಕೈ ಪಳಗಿರಬೇಕು. ಆದರೆ ಕೊರೆದ ಗೆರೆ ಚೂಪು, ಮೇಣದ ಗೆರೆ ದುಂಡು. ಕೊರೆದ ನೆರಿಗೆ ಬಟ್ಟೆಯ ಮೇಲೆ ಬರೆದ ಗೆರೆಯ ಹಾಗೆ ಕಾಣುತ್ತದೆ, ಮೇಣದಲ್ಲಿ ಆದದ್ದು ಬಟ್ಟೆಯೇ ಮಡಿಸಿಕೊಂಡಂತೆ ಇರುತ್ತದೆ. ನನ್ನ ಓಟು ಎರಡನೆಯದಕ್ಕೆ.

ಮನೆಗೋ ಊರ ಗುಡಿಗೋ ವಿಗ್ರಹ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಮುಖ ನೋಡುತ್ತಾರೆ. ಮುಖವನ್ನು ಎಲ್ಲರೂ ಚೆನ್ನಾಗಿಯೇ ಮಾಡಿರುತ್ತಾರೆ. ಮೂರ್ತಿಯನ್ನು ತಿರುಗಿಸಿ ಬೆನ್ನು ನೋಡಿ: ಜಡೆ, ಜನಿವಾರ, ಸೊಂಟದ ಗಂಟು ಹಿಂದೆಯೂ ಇದೆಯೋ, ಬಯಲಾಗಿ ಬಿಟ್ಟಿದ್ದಾರೋ. ಪಕ್ಕದಲ್ಲಿ ತಲೆಯಿಂದ ಪೀಠದವರೆಗೆ ನೇರ ಗೆರೆಯೊಂದು ಅರ ಹಾಕಿ ಅಳಿಸಿದಂತೆ ಕಂಡರೆ ಅದು ಎರಡು ಹೋಳಿನ ಅಚ್ಚಿನಲ್ಲಿ ಹೊಯ್ದದ್ದು. ಕೈಯಲ್ಲಿ ಮಾಡಿದ ಮೇಣದ ಮೂರ್ತಿಗೆ ಆ ಗೆರೆ ಬರಲು ಕಾರಣವಿಲ್ಲ. ತೋಳಿಗೂ ಮೈಗೂ ನಡುವೆ ಬೆಳಕು ಹಾಯುತ್ತದೆಯೋ ನೋಡಿ. ಆಮೇಲೆ ಪೀಠವನ್ನು ಮಗುಚಿ ಅಡಿ ಭಾಗಕ್ಕೆ ಬೆರಳಾಡಿಸಿ. ಅಲ್ಲಿ ಯಾರೂ ಪಾಲಿಶ್ ಮಾಡಿರುವುದಿಲ್ಲ. ಮೇಣವನ್ನು ಹೆಬ್ಬೆರಳಿನಿಂದ ಒತ್ತಿ ಸವರಿದ ಗುಳಿಗಳು ಇದ್ದರೆ ಹಾಗೆಯೇ ಲೋಹವಾಗಿ ಕೈಗೆ ಸಿಗುತ್ತವೆ. ಅವು ಸಿಕ್ಕಿದರೆ, ಅಂಗಡಿಯವರು ಹೇಳುವ ಬೆಲೆಗೆ ಚೌಕಾಸಿ ಸ್ವಲ್ಪ ಕಡಿಮೆ ಮಾಡಿ.